ಕಾಂಟ್ಯಾಕ್ಟ್ ಫಾರ್ಮ್ ಸ್ಪ್ಯಾಮಿಗೆ ಟರ್ನ್‌ಸ್ಟೈಲ್ ಹಾಕಿ ಒಂದು ವರ್ಷ ಆಯ್ತು: ನಮ್ಮ ನರ್ಸರಿ ವೆಬ್‌ಸೈಟಿನ ಅನುಭವ

ಸಾಗರದ ಹತ್ರ ನಮ್ಮ ಚಿಕ್ಕಪ್ಪಂದು ಒಂದು ನರ್ಸರಿ ಇದೆ, ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ, ಜೊತೆಗೆ ಸ್ವಲ್ಪ ಜಾಯಿಕಾಯಿ, ಲವಂಗ. ಗಿಡ ನೋಡ್ಕೊಳೋದು ಅವ್ರು, ವೆಬ್‌ಸೈಟ್ ನೋಡ್ಕೊಳೋದು ನಾನು. ಮಳೆಗಾಲ ಶುರುವಾಗೋ ಮುಂಚೆ ಏಪ್ರಿಲ್, ಮೇ ಎರಡು ತಿಂಗಳು ನಮ್ಗೆ ಬುಕಿಂಗ್ ಟೈಮು, ಆಗ ಬರೋ ಒಂದೊಂದು ಎನ್‌ಕ್ವಯರಿನೂ ವರ್ಷದ ಲೆಕ್ಕಕ್ಕೆ ಬರುತ್ತೆ. ಹೋದ ವರ್ಷ ಮೇ ಕೊನೇಲಿ ಹೊಸನಗರ ಕಡೆಯ ಹಿರಿಯರೊಬ್ರು ಚಿಕ್ಕಪ್ಪಂಗೆ ಫೋನ್ ಮಾಡಿ "ಏನ್ ಮಾರಾಯ್ರೆ, ನಿಮ್ಮ ವೆಬ್‌ಸೈಟಲ್ಲಿ ಬರ್ದು ಹಾಕಿ ಹದಿನೈದು ದಿನ ಆತು, ಇದೆ ಅಂತನೂ ಹೇಳ್ಲಿಲ್ಲ, ಇಲ್ಲ ಅಂತನೂ ಹೇಳ್ಲಿಲ್ಲ, ನಾನು ಬೇರೆ ಕಡೆ ತಗಂಡೆ" ಅಂದ್ರು. 600 ಮಂಗಳ ತಳಿಯ ಅಡಿಕೆ ಸಸಿ, 100 ಮೆಣಸಿನ ಬಳ್ಳಿ. ಚಿಕ್ಕಪ್ಪ ನಂಗೆ ಒಂದು ಮಾತೂ ಬೈಲಿಲ್ಲ, ಅದೇ ಜಾಸ್ತಿ ಬೇಜಾರಾಯ್ತು.

ಹುಡುಕಿದ್ರೆ ಅವ್ರು ಬರೆದಿದ್ದು ಮೇಲ್‌ಬಾಕ್ಸಿನ ಸ್ಪ್ಯಾಮ್ ಫೋಲ್ಡರಲ್ಲಿ ಬಿದ್ದಿತ್ತು, ಸುತ್ತ ನೂರಾರು ಕಸ. ಹೇಗೆ ಅಲ್ಲಿಗೆ ಹೋಯ್ತು ಅಂತ ಎರಡು ದಿನ ತಲೆ ಕೆಡಿಸ್ಕೊಂಡ್ ಮೇಲೆ ಗೊತ್ತಾಗಿದ್ದು ಇಷ್ಟು: ಫಾರ್ಮಿಂದ ಬರೋ ಮೇಲ್ ಎಲ್ಲಾ, ಅಸಲಿ ಇರ್ಲಿ ನಕಲಿ ಇರ್ಲಿ, ನಮ್ಮ ಸೈಟಿನ ಒಂದೇ ಅಡ್ರೆಸ್ಸಿಂದ ಬರುತ್ತೆ, ನಾನು ದಿನಾ ಬೆಳಗ್ಗೆ ಕೂತು ಕಸದ ಮೇಲ್‌ಗಳನ್ನ ಸೆಲೆಕ್ಟ್ ಮಾಡಿ "ಸ್ಪ್ಯಾಮ್" ಅಂತ ಒತ್ತುತ್ತಿದ್ದೆ, ಅಂದ್ರೆ ಈ ಅಡ್ರೆಸ್ಸಿಂದ ಬರೋದೆಲ್ಲಾ ಕಸ ಅಂತ ಮೇಲ್‌ಬಾಕ್ಸಿಗೆ ನಾನೇ ಕಲಿಸ್ತಾ ಇದ್ದೆ, ಅದು ಕಲ್ತು ಆ ಹಿರಿಯರ ಮೇಲನ್ನೂ ಅಲ್ಲಿಗೇ ತಳ್ತು. ನಿಮ್ಮ ಫಾರ್ಮಿಗೂ ಸ್ಪ್ಯಾಮ್ ಬರ್ತಿದ್ರೆ ದಯವಿಟ್ಟು ಇದೊಂದು ಕೆಲಸ ಮಾಡ್ಬೇಡಿ, ಡಿಲೀಟ್ ಮಾಡಿ, ಆದ್ರೆ ಸ್ಪ್ಯಾಮ್ ಅಂತ ಗುರುತು ಹಾಕ್ಬೇಡಿ, ತಡೆಯೋದಿದ್ರೆ ಫಾರ್ಮಿನ ಬಾಗಿಲಲ್ಲೇ ತಡೀಬೇಕು.

ಆವತ್ತಿಂದ ನಾನು ಏನೇನು ಹಾಕಿ ನೋಡಿದೆ, ಕೊನೆಗೆ ಯಾಕೆ ಕ್ಲೌಡ್‌ಫ್ಲೇರ್ ಅನ್ನೋ ಇಂಟರ್ನೆಟ್ ಕಂಪನಿಯ ಟರ್ನ್‌ಸ್ಟೈಲ್‌ಗೆ (ಫಾರ್ಮ್ ತುಂಬ್ತಿರೋದು ಮನುಷ್ಯರಾ ಅಲ್ವಾ ಅಂತ ಪರೀಕ್ಷೆ ಮಾಡೋ ಸೇವೆ) ಬಂದು ನಿಂತೆ, ಅದ್ರಲ್ಲಿ ಏನು ಚೆನ್ನಾಗಿದೆ ಏನು ಇಲ್ಲ ಅಂತ ಬರೀತಿದೀನಿ. ಸಣ್ಣ ಅಂಗಡಿ, ಹೋಮ್‌ಸ್ಟೇ, ನರ್ಸರಿ, ಶಾಲೆ ಇಂಥ ಸೈಟ್ ನೋಡ್ಕೊಳೋರಿಗೆ ಉಪಯೋಗ ಆಗ್ಬೋದು.

ಮೊದ್ಲು ಬರ್ತಿದ್ದ ಕಸ ಎಂಥದ್ದು ಅಂತ ಹೇಳ್ತೀನಿ, ಯಾಕಂದ್ರೆ ಒಂದೊಂದಕ್ಕೆ ಒಂದೊಂದು ಮದ್ದು. ದಿನಕ್ಕೆ 40-50 ಬರ್ತಿತ್ತು. ಅರ್ಧಕ್ಕಿಂತ ಜಾಸ್ತಿ ಬಾಟ್, ಅಂದ್ರೆ ತಾನಾಗೇ ಫಾರ್ಮ್ ತುಂಬೋ ಪ್ರೋಗ್ರಾಮ್, ತುಂಬಿದ್ದು, ಹೆಸರಿನ ಜಾಗದಲ್ಲಿ ಅರ್ಥವೇ ಇಲ್ಲದ ಅಕ್ಷರ, ಫೋನ್ ನಂಬರ್ 8ರಿಂದ ಶುರುವಾಗಿ 11 ಅಂಕಿ, "ಯಾವ ಸಸಿ ಬೇಕು" ಅನ್ನೋ ಕಡೆ ಯಾವಾಗ್ಲೂ ಪಟ್ಟಿಯ ಮೊದಲನೇದು, ಮೆಸೇಜಲ್ಲಿ ರಷ್ಯನ್ ಲಿಪಿ ಇಲ್ಲಾಂದ್ರೆ ಕ್ಯಾಸಿನೋ, ಕ್ರಿಪ್ಟೋ ಲಿಂಕು. ನಮ್ಮ ಫಾರ್ಮಲ್ಲಿ ಬರೆದಿದ್ದು ಎಲ್ಲೂ ಪಬ್ಲಿಶ್ ಆಗಲ್ಲ, ಆದ್ರೂ ಯಾಕೆ ತುಂಬ್ತಾವೆ ಅಂತ ನಂಗೂ ಅನ್ಸಿತ್ತು, ಬಾಟಿಗೆ ಅದೆಲ್ಲಾ ಗೊತ್ತಿರಲ್ಲ, ಎಲ್ಲಿ ಫಾರ್ಮ್ ಕಾಣುತ್ತೋ ಅಲ್ಲೆಲ್ಲಾ ಲಿಂಕ್ ತುಂಬಿ ಕಳ್ಸುತ್ತೆ, ಸಾವಿರದಲ್ಲಿ ಒಂದು ಕಡೆ ಪಬ್ಲಿಶ್ ಆದ್ರೂ ಅದಕ್ಕೆ ಲಾಭ, ಕಳ್ಸೋಕೆ ಖರ್ಚು ಏನೂ ಇಲ್ಲ. ಎರಡನೇ ಥರದ್ದು ಮನುಷ್ಯರೇ ಕೂತು ಬರೆಯೋದು, "ನಿಮ್ಮ ವೆಬ್‌ಸೈಟ್ ನೋಡಿದೆ, ತುಂಬಾ ತಪ್ಪಿದೆ, ಗೂಗಲ್ ಮೊದಲ ಪೇಜಿಗೆ ತಂದ್ಕೊಡ್ತೀವಿ" ಅನ್ನೋ ಎಸ್‌ಇಒ ಜನ.

ಮೂರನೇದು ಬಹಳ ಜನಕ್ಕೆ ಗೊತ್ತೇ ಇರಲ್ಲ, ನಂಗೂ ಗೊತ್ತಿರ್ಲಿಲ್ಲ. ನಮ್ಮ ಫಾರ್ಮ್ ತುಂಬಿದವ್ರಿಗೆ "ಧನ್ಯವಾದ, ನೀವು ಬರೆದಿದ್ದು ಹೀಗಿದೆ" ಅಂತ ಅವ್ರ ಮೆಸೇಜನ್ನೇ ಸೇರಿಸಿ ಒಂದು ಆಟೋ ರಿಪ್ಲೈ ಹೋಗ್ತಿತ್ತು, ಗ್ರಾಹಕರಿಗೆ ಒಂದು ಸಮಾಧಾನ ಇರ್ಲಿ ಅಂತ ಹಾಕಿದ್ದು. ಸ್ಪ್ಯಾಮ್ ಮಾಡೋರು ಇದನ್ನ ಹೇಗೆ ಬಳಸ್ತಾರೆ ಅಂದ್ರೆ, ಇಮೇಲ್ ಜಾಗದಲ್ಲಿ ಯಾರೋ ಪಾಪದವ್ರ ಅಡ್ರೆಸ್ ಹಾಕಿ, ಮೆಸೇಜ್ ಜಾಗದಲ್ಲಿ ತಮ್ಮ ಲಿಂಕ್ ಹಾಕಿ ಕಳಿಸ್ತಾರೆ, ಆಗ ನಮ್ಮ ನರ್ಸರಿ ಹೆಸರಲ್ಲಿ, ನಮ್ಮ ಸರ್ವರಿಂದ ಆ ಕ್ಯಾಸಿನೋ ಲಿಂಕ್ ಯಾರಿಗೋ ಹೋಗುತ್ತೆ. ಹೀಗೇ ಹೋಗ್ತಾ ಇದ್ರೆ ನಮ್ಮ ಡೊಮೇನೇ ಕಪ್ಪು ಪಟ್ಟಿಗೆ ಸೇರಿ ನಾವು ಬೇಕಂತ ಕಳ್ಸೋ ಮೇಲ್ ಕೂಡ ತಲುಪಲ್ಲ. ಬೇರೆ ಏನು ಮಾಡ್ತೀರೋ ಬಿಡ್ತೀರೋ, ಈ ಆಟೋ ರಿಪ್ಲೈ ಇದ್ರೆ ಇವತ್ತೇ ತೆಗೀರಿ, ಬೇಕೇ ಬೇಕು ಅಂದ್ರೆ ಅವ್ರು ಬರೆದಿದ್ದನ್ನ ಸೇರಿಸದೆ ಬರೀ "ನಿಮ್ಮ ವಿಚಾರ ತಲುಪಿದೆ" ಅಂತ ಒಂದೇ ಸಾಲು ಇಡಿ.

ಇನ್ನು ಹಾಕಿ ನೋಡಿದ್ದು. ಮೊದಲಿಗೆ "7 + 5 ಎಷ್ಟು" ಅನ್ನೋ ಲೆಕ್ಕದ ಪ್ರಶ್ನೆ, ಅದು ಒಂದು ವಾರ ತಡೀತು ಅಷ್ಟೇ, ಕಂಪ್ಯೂಟರಿಗೆ ಕೂಡೋದು ಕಷ್ಟನಾ. ಆಮೇಲೆ ಚಿತ್ರ ಆರಿಸೋ ಕ್ಯಾಪ್ಚಾ (ಮನುಷ್ಯನೋ ಬಾಟೋ ಅಂತ ನೋಡೋ ಪರೀಕ್ಷೆ) ಒಂದನ್ನ ಹಾಕ್ದೆ. ಸ್ಪ್ಯಾಮ್ ಕಡಿಮೆ ಆಯ್ತು, ಜೊತೆಗೆ ಎನ್‌ಕ್ವಯರಿನೂ ಕಡಿಮೆ ಆಯ್ತು. ಯಾಕೆ ಅಂತ ತಿಳಿದಿದ್ದು ನಮ್ಮ ಅತ್ತೆ ಕೈಗೆ ಫೋನ್ ಕೊಟ್ಟು ತುಂಬಿ ನೋಡಿ ಅಂದಾಗ. ಹೆಸರು, ಊರು, ಎಷ್ಟು ಸಸಿ ಎಲ್ಲಾ ಸಲೀಸಾಗಿ ತುಂಬಿದ್ರು, ಕನ್ನಡದಲ್ಲೇ ಟೈಪ್ ಮಾಡಿದ್ರು, ಕೊನೇಲಿ ಒಂಬತ್ತು ಚೌಕ ಬಂದು "ಫೈರ್ ಹೈಡ್ರಂಟ್ ಇರೋ ಚಿತ್ರ ಒತ್ತಿ" ಅಂತ ಇಂಗ್ಲಿಷಲ್ಲಿ ಕೇಳ್ತು. ರಸ್ತೆ ಬದಿಗೆ ಕೆಂಪು ನಲ್ಲಿ ಥರ ನಿಂತಿರೋ ಆ ವಸ್ತುವನ್ನ ನಮ್ಮೂರ ಕಡೆ ಯಾರು ನೋಡಿದ್ದಾರೆ? ಅತ್ತೆ ಎರಡು ಸಲ ಒತ್ತಿ, ತಪ್ಪಾಗಿ, ಮತ್ತೆ ಬೇರೆ ಚಿತ್ರ ಬಂದು, "ಇದು ನಂಗಲ್ಲ ಬಿಡು" ಅಂತ ಫೋನ್ ಕೆಳಗಿಟ್ರು. 40 ವರ್ಷ ತೋಟ ಮಾಡಿದವ್ರು, ಯಾವ ಬಳ್ಳಿಗೆ ಯಾವ ರೋಗ ಅಂತ ಎಲೆ ನೋಡಿ ಹೇಳೋರು, ಅವ್ರಿಗೆ "ನೀನು ಮನುಷ್ಯ ಅಂತ ಸಾಬೀತು ಮಾಡು" ಅಂತ ಕೇಳಿ ವಾಪಸ್ ಕಳ್ಸಿದ ಹಾಗಾಯ್ತು. ಆವತ್ತೇ ಅದನ್ನ ತೆಗೆದೆ. ಕಣ್ಣು ಮಂಜಾದವ್ರಿಗೆ, ಕಣ್ಣು ಕಾಣದೆ ಸ್ಕ್ರೀನ್ ರೀಡರ್ ಬಳಸೋರಿಗಂತೂ ಇದು ಇನ್ನೂ ಕಷ್ಟ.

ಈ ಕ್ಯಾಪ್ಚಾ ಅನ್ನೋ ಹೆಸರು ಬಂದಿದ್ದು 2003ರ ಸುಮಾರಿಗೆ, ಅಮೆರಿಕದ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯ ಲೂಯಿಸ್ ವಾನ್ ಆನ್ ಮತ್ತು ಅವ್ರ ಜೊತೆಯವ್ರು ಇಟ್ಟಿದ್ದು. ಅವ್ರದ್ದೇ ರೀಕ್ಯಾಪ್ಚಾ 2007ರಲ್ಲಿ ಬಂತು, ಹಳೇ ಪುಸ್ತಕ, ಪೇಪರ್ ಸ್ಕ್ಯಾನ್ ಮಾಡಿದಾಗ ಕಂಪ್ಯೂಟರಿಗೆ ಓದೋಕಾಗದ ಪದಗಳನ್ನ ಜನರ ಹತ್ರ ಟೈಪ್ ಮಾಡಿಸ್ತಿತ್ತು, 2009ರಲ್ಲಿ ಗೂಗಲ್ ಅದನ್ನ ಕೊಂಡ್ಕೊಂತು. 2014ರ ಕೊನೇಲಿ "ನಾನು ರೋಬೋ ಅಲ್ಲ" ಅಂತ ಟಿಕ್ ಹಾಕೋದು ಬಂತು, 2018ರಲ್ಲಿ ಏನೂ ಕೇಳದೇ ಹಿಂದಿನಿಂದ್ಲೇ 0.0ರಿಂದ 1.0 ವರೆಗೆ ಮಾರ್ಕ್ ಕೊಡೋ ಮೂರನೇ ವರ್ಷನ್ ಬಂತು. ಆ ಮಾರ್ಕಿನ ಪದ್ಧತಿ ದೊಡ್ಡ ಸೈಟುಗಳಿಗೆ ಸರಿ, ನನ್ನಂಥವ್ರಿಗೆ ಅದ್ರಲ್ಲಿ ಒಂದು ಚಿಂತೆ: ಗಡಿ ಎಲ್ಲಿ ಹಾಕ್ಬೇಕು ಅಂತ ನಾವೇ ತೀರ್ಮಾನಿಸ್ಬೇಕು, ಸಾಮಾನ್ಯವಾಗಿ 0.5 ಇಡ್ತಾರೆ, ಒಬ್ಬ ಅಸಲಿ ಗ್ರಾಹಕನಿಗೆ 0.3 ಬಂತು ಅಂದ್ರೆ ಅವ್ನಿಗೆ ತಾನು ಮನುಷ್ಯ ಅಂತ ತೋರ್ಸೋಕೆ ಅಲ್ಲಿ ಏನೂ ದಾರಿ ಇರಲ್ಲ, ನಾವೇ ಬೇರೆ ವ್ಯವಸ್ಥೆ ಮಾಡಿಡ್ಬೇಕು. ಅಕಿಸ್ಮೆಟ್ ಬಗ್ಗೆನೂ ನೋಡ್ದೆ, 2005ರಿಂದ ಇರೋ ಹಳೇ ಸೇವೆ, ಬರೆದ ವಿಷಯ ನೋಡಿ ಕಸವೋ ಅಲ್ವೋ ಹೇಳುತ್ತೆ, ವರ್ಡ್‌ಪ್ರೆಸ್ ಅನ್ನೋ ರೆಡಿ ಸಾಫ್ಟ್‌ವೇರಲ್ಲಿ ಸೈಟ್ ಮಾಡಿದವ್ರಿಗೆ ಸುಲಭ, ಆದ್ರೆ ವ್ಯಾಪಾರದ ಸೈಟಾದ್ರೆ ದುಡ್ಡು ಕೊಡ್ಬೇಕು, ಮತ್ತೆ ನಮ್ಮ ಸೈಟ್ ವರ್ಡ್‌ಪ್ರೆಸ್ ಅಲ್ಲ, ಕೈಯಲ್ಲಿ ಬರೆದ ಪಿಎಚ್‌ಪಿ ಕೋಡ್.

ಹನಿಪಾಟ್ ಮಾತ್ರ ಹಾಕಿದ್ದು ಇವತ್ತಿಗೂ ಇದೆ, ಬಿಡಿಕಾಸು ಖರ್ಚಿಲ್ಲ. ಅದು ಇಲಿ ಬೋನಿನ ಥರ, ಫಾರ್ಮಲ್ಲಿ ಒಂದು ಜಾಸ್ತಿ ಖಾನೆ ಇಟ್ಟು ಅದು ಮನುಷ್ಯರ ಕಣ್ಣಿಗೆ ಕಾಣದ ಹಾಗೆ ಪರದೆಯಿಂದ ಆಚೆ ತಳ್ಳಿರ್ತೀವಿ, ಬಾಟು ಕಂಡಿದ್ದೆಲ್ಲಾ ತುಂಬುತ್ತಲ್ಲ, ಇದನ್ನೂ ತುಂಬುತ್ತೆ, ತುಂಬಿ ಬಂದಿದ್ದು ಕಸ ಅಂತ ಲೆಕ್ಕ. ಇದ್ರಲ್ಲಿ ನಾನು ಮಾಡಿದ ಒಂದು ತಪ್ಪು ಹೇಳ್ಬೇಕು. ಆ ಖಾನೆಗೆ "ಕಂಪನಿ" ಅಂತ ಹೆಸರಿಟ್ಟಿದ್ದೆ, ಬಾಟಿಗೆ ಆಸೆ ಆಗ್ಲಿ ಅಂತ. ಫೋನಿನ ಬ್ರೌಸರಲ್ಲಿ ಆಟೋಫಿಲ್ ಅಂತ ಇರುತ್ತಲ್ಲ, ಹೆಸರು, ವಿಳಾಸ ತಾನೇ ತುಂಬೋದು, ಅದು ಕಾಣದ ಆ ಖಾನೆಗೂ ಕಂಪನಿ ಹೆಸರು ತುಂಬಿ ಕಳ್ಸಿಬಿಡ್ತು, ತೀರ್ಥಹಳ್ಳಿಯ ಒಬ್ರು ಒಳ್ಳೇ ಗ್ರಾಹಕರು ನಮ್ಮ ಲೆಕ್ಕದಲ್ಲಿ ಬಾಟ್ ಆದ್ರು. ಪುಣ್ಯಕ್ಕೆ ಅಷ್ಟೊತ್ತಿಗೆ ನಾನು ಯಾವುದನ್ನೂ ಡಿಲೀಟ್ ಮಾಡದೆ ಬೇರೆ ಫೈಲಲ್ಲಿ ಉಳಿಸೋಕೆ ಶುರು ಮಾಡಿದ್ದೆ, ಅದೇ ದಿನ ಸಂಜೆ ಸಿಕ್ತು, ಫೋನ್ ಮಾಡಿ ಮಾತಾಡ್ದೆ. ಈಗ ಆ ಖಾನೆಗೆ ಬ್ರೌಸರಿಗೆ ಪರಿಚಯ ಇಲ್ಲದ ಒಂದು ಹೆಸರು, ಆಟೋಕಂಪ್ಲೀಟ್ ಆಫ್, ಕೀಬೋರ್ಡಲ್ಲಿ ಟ್ಯಾಬ್ ಒತ್ತುತ್ತಾ ಹೋದ್ರೂ ಅಲ್ಲಿಗೆ ಹೋಗದ ಹಾಗೆ ಟ್ಯಾಬ್‌ಇಂಡೆಕ್ಸ್ ಮೈನಸ್ 1, ಸ್ಕ್ರೀನ್ ರೀಡರ್ ಅದನ್ನ ಓದಿ ಹೇಳದ ಹಾಗೂ ಮಾಡಿದೀನಿ. ಜೊತೆಗೆ ಪೇಜ್ ತೆರೆದ 3 ಸೆಕೆಂಡ್ ಒಳಗೆ ಬಂದ ಫಾರ್ಮ್ ಬೇರೆ ಫೈಲಿಗೆ, ಮನುಷ್ಯ ಯಾರೂ ಅಷ್ಟು ಬೇಗ ತುಂಬಲ್ಲ. ಇವೆರಡರಿಂದ್ಲೇ ಅರ್ಧ ಕಸ ನಿಂತೋಯ್ತು. ಉಳಿದ ಅರ್ಧ ಅಸಲಿ ಬ್ರೌಸರನ್ನೇ ಓಡಿಸೋ ಜಾಣ ಬಾಟುಗಳದ್ದು, ಅದಕ್ಕೆ ಟರ್ನ್‌ಸ್ಟೈಲ್.

ಕ್ಲೌಡ್‌ಫ್ಲೇರ್‌ನವ್ರು ಮುಂಚೆ ತಾವೇ ರೀಕ್ಯಾಪ್ಚಾ ಬಳಸ್ತಿದ್ರು, 2020ರಲ್ಲಿ ಎಚ್‌ಕ್ಯಾಪ್ಚಾ ಅನ್ನೋ ಇನ್ನೊಂದು ಕ್ಯಾಪ್ಚಾಗೆ ಹೋದ್ರು, ಆಮೇಲೆ 2022ರ ಸೆಪ್ಟೆಂಬರಲ್ಲಿ ಸ್ವಂತ ಟರ್ನ್‌ಸ್ಟೈಲ್ ತಂದ್ರು, ಮುಂದಿನ ವರ್ಷ ಎಲ್ಲರಿಗೂ ಬಿಟ್ರು. ಸಣ್ಣ ಸೈಟಿಗೆ ಫ್ರೀ. ನಮ್ಮ ಸೈಟ್ ಕ್ಲೌಡ್‌ಫ್ಲೇರ್ ಮೂಲಕ ಹಾದು ಹೋಗ್ಬೇಕು ಅಂತೇನಿಲ್ಲ, ಯಾವ ಹೋಸ್ಟಿಂಗಲ್ಲಿದ್ರೂ ಆಗುತ್ತೆ, ನಮ್ದೂ ಬೇರೆ ಕಡೆನೇ ಇರೋದು. ಚಿತ್ರ ಇಲ್ಲ, ಒಗಟು ಇಲ್ಲ. ಪೇಜ್ ತೆರೆದಾಗ ಬ್ರೌಸರಿಗೇ ಹಿಂದಿನಿಂದ ಒಂದಷ್ಟು ಸಣ್ಣ ಪರೀಕ್ಷೆ ಕೊಡುತ್ತೆ, ಒಂಚೂರು ಲೆಕ್ಕ ಮಾಡ್ಸುತ್ತೆ, ಬ್ರೌಸರ್ ನಿಜವಾದ ಬ್ರೌಸರ್ ಥರ ನಡ್ಕೊಳುತ್ತಾ ನೋಡುತ್ತೆ, ಸರಿ ಇದ್ರೆ ಹಸಿರು ಟಿಕ್ ಬರುತ್ತೆ, ಅನುಮಾನ ಬಂದ್ರೆ ಮಾತ್ರ ಒಂದು ಚೌಕ ತೋರ್ಸಿ ಟಿಕ್ ಮಾಡಿ ಅನ್ನುತ್ತೆ. ಮೂರು ಥರ ಇಡ್ಬೋದು, ಹೀಗೆ ಅದೇ ತೀರ್ಮಾನ ಮಾಡೋದು ಒಂದು, ಏನೂ ಒತ್ತೋಕೆ ಕೇಳದೆ ಬರೀ ತಿರುಗೋ ಗುರುತು ತೋರ್ಸೋದು ಒಂದು, ಪೂರ್ತಿ ಕಾಣದೇ ಇರೋದು ಒಂದು. ನಾನು ಮೊದಲನೇದನ್ನ ಇಟ್ಟಿದೀನಿ, ಯಾಕಂದ್ರೆ ಅನುಮಾನ ಬಂದ ಮನುಷ್ಯಂಗೆ ಒಂದು ಅವಕಾಶ ಇರ್ಬೇಕು. ಅತ್ತೆ ಕೈಗೆ ಮತ್ತೆ ಫೋನ್ ಕೊಟ್ಟೆ, ತುಂಬಿ ಕಳ್ಸಿ "ಆತನಾ?" ಅಂದ್ರು. ಆಗಿತ್ತು.

ಹಾಕೋದು ಹೇಗೆ ಅಂದ್ರೆ, ಕ್ಲೌಡ್‌ಫ್ಲೇರಲ್ಲಿ ಒಂದು ಅಕೌಂಟ್ ಮಾಡಿ, ಟರ್ನ್‌ಸ್ಟೈಲ್ ಅನ್ನೋ ಕಡೆ ಹೋಗಿ ಸೈಟಿನ ಹೆಸರು ಕೊಟ್ರೆ ಎರಡು ಕೀ ಕೊಡುತ್ತೆ, ಸೈಟ್ ಕೀ, ಸೀಕ್ರೆಟ್ ಕೀ. ಸೈಟ್ ಕೀ ಪೇಜಲ್ಲಿ ಹಾಕೋದು, ಎಲ್ಲರಿಗೂ ಕಂಡ್ರೂ ಪರ್ವಾಗಿಲ್ಲ. ಸೀಕ್ರೆಟ್ ಕೀ ಸರ್ವರಲ್ಲೇ ಇರ್ಬೇಕು. ಇಲ್ಲೇ ಬಹಳ ಜನ ಎಡವೋದು, ನಾನೂ ಎಡವಿದೆ: ಪೇಜಲ್ಲಿ ಟಿಕ್ ಬಂತು, ಕೆಲಸ ಮುಗೀತು ಅನ್ಕೊಂಡು ಬಿಟ್ಟೆ, ಮಾರನೇ ದಿನ ನೋಡಿದ್ರೆ ಸ್ಪ್ಯಾಮ್ ಎಷ್ಟಿತ್ತೋ ಅಷ್ಟೇ. ಯಾಕಂದ್ರೆ ಬಾಟು ಎಲ್ಲಾ ಸಲ ಪೇಜ್ ತೆರೆದು ತುಂಬಲ್ಲ, ಫಾರ್ಮ್ ಎಲ್ಲಿಗೆ ಹೋಗುತ್ತೋ ಆ ಅಡ್ರೆಸ್ಸಿಗೆ ನೇರವಾಗಿ ಡೇಟಾ ಎಸೆಯುತ್ತೆ, ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆಗೆದಿಟ್ಟ ಹಾಗೆ. ಟಿಕ್ ಬಂದಾಗ ಫಾರ್ಮ್ ಜೊತೆ ಒಂದು ಟೋಕನ್ ಬರುತ್ತೆ, ನಮ್ಮ ಸರ್ವರ್ ಆ ಟೋಕನ್ನೂ ಸೀಕ್ರೆಟ್ ಕೀನೂ ಕ್ಲೌಡ್‌ಫ್ಲೇರಿಗೆ ಕಳ್ಸಿ "ಇದು ನಿಜನಾ" ಅಂತ ಕೇಳ್ಬೇಕು, ಅವ್ರು ಹೌದು ಅಂದ್ಮೇಲೇ ಮೇಲ್ ಕಳಿಸ್ಬೇಕು. ಆ ಟೋಕನ್ 300 ಸೆಕೆಂಡ್ ಅಂದ್ರೆ ಐದು ನಿಮಿಷ ಮಾತ್ರ ನಡಿಯುತ್ತೆ, ಒಂದು ಸಲ ಮಾತ್ರ ನಡಿಯುತ್ತೆ. ನಿಧಾನಕ್ಕೆ ಹತ್ತು ನಿಮಿಷ ಟೈಪ್ ಮಾಡೋರು ನಮ್ಮಲ್ಲಿ ಜಾಸ್ತಿ, ಅದಕ್ಕೆ ಏನೂ ಹೆದರ್ಬೇಕಾಗಿಲ್ಲ, ಹಳೇದು ಮುಗಿದ್ರೆ ತಾನೇ ಹೊಸಾದು ತಗೊಳುತ್ತೆ. ಇನ್ನೊಂದು ಒಳ್ಳೇದು, ಯಾವಾಗ್ಲೂ ಪಾಸ್ ಆಗೋ, ಯಾವಾಗ್ಲೂ ಫೇಲ್ ಆಗೋ ಟೆಸ್ಟ್ ಕೀಗಳನ್ನ ಅವ್ರೇ ಕೊಟ್ಟಿದ್ದಾರೆ, ಫೇಲ್ ಆಗೋ ಕೀ ಹಾಕಿ ಫಾರ್ಮ್ ಕಳಿಸಿ ನೋಡಿ, ಆಗ್ಲೂ ನಿಮ್ಗೆ ಮೇಲ್ ಬಂದ್ರೆ ಸರ್ವರಲ್ಲಿ ಕೇಳ್ತಾ ಇಲ್ಲ ಅಂತ ಅರ್ಥ. ನಿಮ್ಮ ಸೈಟ್ ಬೇರೆಯವ್ರು ಮಾಡ್ಕೊಟ್ಟಿದ್ರೆ ಅವ್ರ ಮುಂದೇನೇ ಈ ಟೆಸ್ಟ್ ಮಾಡ್ಸಿ. ವರ್ಡ್‌ಪ್ರೆಸ್‌ನವ್ರಿಗೆ ಕಾಂಟ್ಯಾಕ್ಟ್ ಫಾರ್ಮ್ 7 ಥರದ ಪ್ಲಗಿನ್ನಲ್ಲಿ ಇದಕ್ಕೆ ಜಾಗ ಇದೆ, ಎರಡು ಕೀ ಹಾಕಿದ್ರೆ ಉಳಿದಿದ್ದು ಅದೇ ನೋಡ್ಕೊಳುತ್ತೆ.

ಫಲ ಹೇಳ್ಬೇಕಂದ್ರೆ ದಿನಕ್ಕೆ 40-50 ಬರ್ತಿದ್ದಿದ್ದು ಈಗ ವಾರಕ್ಕೆ ಎರಡೋ ಮೂರೋ, ಅದೂ ಮನುಷ್ಯರು ಕೂತು ಬರೆದ ಎಸ್‌ಇಒ ಮೇಲು. ಅದನ್ನ ಟರ್ನ್‌ಸ್ಟೈಲ್ ತಡಿಯಲ್ಲ, ಯಾವ ಕ್ಯಾಪ್ಚಾನೂ ತಡಿಯಲ್ಲ, ದುಡ್ಡು ಕೊಟ್ರೆ ಕ್ಯಾಪ್ಚಾ ಬಿಡಿಸ್ಕೊಡೋ ಜನರೇ ಇದ್ದಾರೆ ಜಗತ್ತಲ್ಲಿ. ಅದಕ್ಕೆ ಮೆಸೇಜಲ್ಲಿ ಎರಡಕ್ಕಿಂತ ಜಾಸ್ತಿ ಲಿಂಕ್ ಇದ್ರೆ ಬೇರೆ ಫೈಲಿಗೆ ಹಾಕು ಅಂತ ಸಣ್ಣ ರೂಲ್ ಇಟ್ಟಿದೀನಿ. ಅಡಿಕೆ ಸಸಿ ಕೇಳೋರು ಮೂರು ಲಿಂಕ್ ಹಾಕಲ್ಲ.

ರೂಲ್ ಇಡುವಾಗ ಕನ್ನಡದವ್ರು ಒಂದು ವಿಷಯದಲ್ಲಿ ಹುಷಾರಾಗಿರ್ಬೇಕು, ಇದು ನಂಗೆ ಬಹಳ ಮುಖ್ಯ ಅನ್ಸುತ್ತೆ. ಸ್ಪ್ಯಾಮ್ ತಡೆಯೋಕೆ "ಇಂಗ್ಲಿಷ್ ಅಲ್ಲದ ಅಕ್ಷರ ಇದ್ರೆ ತಡಿ" ಅಂತ ಸಲಹೆ ತುಂಬಾ ಕಡೆ ಕೊಡ್ತಾರೆ, ರಷ್ಯನ್ ಕಸಕ್ಕೆ ಅಂತ. ಅದನ್ನ ಹಾಗೇ ಹಾಕಿದ್ರೆ ಕನ್ನಡದಲ್ಲಿ ಬರೆದ ಒಂದೊಂದು ಎನ್‌ಕ್ವಯರಿನೂ ಕಸದ ಬುಟ್ಟಿಗೆ. ನಮ್ಮ ಗ್ರಾಹಕರಲ್ಲಿ ಅರ್ಧ ಜನ ಕನ್ನಡ ಲಿಪೀಲೇ ಬರೀತಾರೆ, ಉಳಿದವ್ರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೀತಾರೆ. ಯೂನಿಕೋಡಲ್ಲಿ (ಅಕ್ಷರಗಳಿಗೆ ಕಂಪ್ಯೂಟರ್ ಬಳಸೋ ನಂಬರಿನ ಪಟ್ಟಿ) ಒಂದೊಂದು ಲಿಪಿಗೂ ಅದರದ್ದೇ ಜಾಗ ಇದೆ, ರಷ್ಯನ್ ಬರೆಯೋ ಸಿರಿಲಿಕ್ ಲಿಪಿ 0400ರಿಂದ 04ಎಫ್‌ಎಫ್, ಕನ್ನಡ 0ಸಿ80ರಿಂದ 0ಸಿಎಫ್‌ಎಫ್, ಆದ್ರಿಂದ ಸಿರಿಲಿಕ್ ಜಾಗವನ್ನ ಮಾತ್ರ ಹೆಸರಿಟ್ಟು ತಡೀರಿ. ಹಾಗೇ ಐಪಿ ಅಡ್ರೆಸ್ (ನೆಟ್ಟಲ್ಲಿ ಕನೆಕ್ಷನ್ನಿಗೆ ಇರೋ ನಂಬರ್) ನೋಡಿ ತಡೆಯೋದು ಬೇಡ, ಮೊಬೈಲ್ ನೆಟ್‌ವರ್ಕಲ್ಲಿ ತುಂಬಾ ಜನ ಒಂದೇ ಐಪಿ ಹಂಚ್ಕೊಂಡಿರ್ತಾರೆ, ಒಂದನ್ನ ತಡೆದ್ರೆ ಎಷ್ಟು ಜನ ಸಿಕ್ಕಾಕೊಂಡ್ರು ಅಂತ ಗೊತ್ತೇ ಆಗಲ್ಲ. ಹೊರದೇಶ ಪೂರ್ತಿ ತಡೆಯೋದೂ ಬೇಡ, ಅಮೆರಿಕದಲ್ಲಿ ಕೂತು ಊರಲ್ಲಿರೋ ಅಪ್ಪನ ತೋಟಕ್ಕೆ ಸಸಿ ಬುಕ್ ಮಾಡೋ ಮಕ್ಕಳು ನಮ್ಗೇ ಇಬ್ರು ಇದ್ದಾರೆ.

ಟರ್ನ್‌ಸ್ಟೈಲಿನ ಕೊರತೆನೂ ಹೇಳ್ಬೇಕು. ಜಾವಾಸ್ಕ್ರಿಪ್ಟ್ ಇಲ್ಲದೆ ನಡಿಯಲ್ಲ. ನೆಟ್ ತೀರಾ ನಿಧಾನ ಇದ್ರೆ ಟಿಕ್ ಬರೋಕೆ ಕಾಯ್ಬೇಕು, ಅಷ್ಟರಲ್ಲಿ ಕೆಲವ್ರು ಕಳ್ಸು ಬಟನ್ ಒತ್ತಿಬಿಡ್ತಾರೆ, ಅದಕ್ಕೆ ಟಿಕ್ ಬರೋವರೆಗೂ ಬಟನ್ ಮೇಲೆ "ಸ್ವಲ್ಪ ತಾಳಿ" ಅಂತ ಬರೋ ಹಾಗೆ ಮಾಡ್ದೆ. ದೊಡ್ಡದು ಅಂದ್ರೆ ಹೊರಗಿನ ಒಂದು ಕಂಪನಿ ಮೇಲೆ ನಮ್ಮ ಬಾಗಿಲು ನಿಂತಿರುತ್ತೆ. 2025ರ ನವೆಂಬರ್ 18ಕ್ಕೆ ಕ್ಲೌಡ್‌ಫ್ಲೇರಲ್ಲಿ ಜಗತ್ತಿನಾದ್ಯಂತ ತೊಂದರೆ ಆಗಿದ್ದು ನೆನಪಿರ್ಬೋದು, ಆವತ್ತು ಟರ್ನ್‌ಸ್ಟೈಲ್ ಕೂಡ ಲೋಡ್ ಆಗ್ತಿರ್ಲಿಲ್ಲ. ಆದ್ದರಿಂದ ಫಾರ್ಮಿನ ಕೆಳಗೇ ನರ್ಸರಿ ಫೋನ್ ನಂಬರ್ ದೊಡ್ಡದಾಗಿ ಇದೆ, ವಾಟ್ಸಾಪ್ ಬಟನ್ ಇದೆ, ಮತ್ತೆ ಟೋಕನ್ ಇಲ್ದೆ ಬಂದಿದ್ದನ್ನ, ಫೇಲ್ ಆಗಿದ್ದನ್ನ, ಅವ್ರ ಸರ್ವರ್ ಉತ್ತರ ಕೊಡದೇ ಹೋಗಿದ್ದನ್ನ, ಯಾವುದನ್ನೂ ಎಸೆಯಲ್ಲ, ಬೇರೆ ಫೈಲಲ್ಲಿ ಉಳಿಯುತ್ತೆ, ನಾನು ಎರಡು ದಿನಕ್ಕೊಂದ್ಸಲ ಮೇಲಿಂದ ಕೆಳಗೆ ಕಣ್ಣಾಡಿಸ್ತೀನಿ, ಐದು ನಿಮಿಷದ ಕೆಲಸ. ಎಷ್ಟು ಕಸ ತಡೀತು ಅಂತ ಲೆಕ್ಕ ಇಡೋರು ತುಂಬಾ ಜನ, ಎಷ್ಟು ಅಸಲಿ ಜನ ಹೊರಗೆ ಉಳಿದ್ರು ಅಂತ ಲೆಕ್ಕ ಇಡೋರು ಕಡಿಮೆ, ನಂಗೆ ಎರಡನೇ ಲೆಕ್ಕನೇ ಮುಖ್ಯ. ಒಂದು ವರ್ಷದಲ್ಲಿ ಆ ಫೈಲಲ್ಲಿ ಸಿಕ್ಕ ಅಸಲಿ ಎನ್‌ಕ್ವಯರಿ ಮೂರು, ಮೂರಕ್ಕೂ ಫೋನ್ ಮಾಡಿದೀವಿ.

ಮಾರ್ಕ್ ಕೊಡಿ ಅಂದ್ರೆ ಐದಕ್ಕೆ ನಾಲ್ಕೂವರೆ. ಹನಿಪಾಟ್ ಜೊತೆ ಸೇರಿಸಿ ಹಾಕಿ, ಇದೊಂದನ್ನೇ ನಂಬ್ಕೊಂಡು ಕೂರ್ಬೇಡಿ.

ತಿಂಗಳಿಗೊಂದ್ಸಲ ಚಿಕ್ಕಪ್ಪನ ಹಳೇ ಫೋನ್ ತಗೊಂಡು, ನೆಟ್ ಒಂದೇ ಕಡ್ಡಿ ಸಿಗೋ ಕೊಟ್ಟಿಗೆ ಹತ್ರ ನಿಂತು, ಹೊಸ ಗ್ರಾಹಕರ ಥರ ಕನ್ನಡದಲ್ಲೇ ಫಾರ್ಮ್ ತುಂಬಿ ಕಳಿಸ್ತೀನಿ, ಮೇಲ್ ಇನ್‌ಬಾಕ್ಸಿಗೆ ಬಂತಾ, ಸ್ಪ್ಯಾಮ್ ಫೋಲ್ಡರಿಗೆ ಹೋಯ್ತಾ ನೋಡ್ತೀನಿ. ಮೊನ್ನೆ ಭಾನುವಾರ ಟಿಕ್ ಬರೋಕೆ 11 ಸೆಕೆಂಡ್ ತಗೊಂತು, ಮೇಲ್ ಇನ್‌ಬಾಕ್ಸಿಗೇ ಬಂತು.